ರೇಮಂಡ್ ಹಾಲ್‌ರಾಯ್ಡ್ ಹಾಕಿದ ದಪ್ಪ ತಂತಿ

ಹೀದರ್ ಟೆರೇಸ್ ಎಂಬ ಬೀದಿಯಲ್ಲಿ ದೀಪ ಆರಿದರೆ ಜನ ಮೊದಲು ಪರದೆ ಸರಿಸಿ ಎದುರು ಮನೆ ನೋಡುತ್ತಿದ್ದರು. ಅಲ್ಲಿ ಬೆಳಕಿದ್ದರೆ ಹೋಗಿರುವುದು ತಮ್ಮ ಮನೆಯ ಫ್ಯೂಸೇ ಎಂದಾಯಿತು. ಆಮೇಲೆ ಹದಿನಾಲ್ಕನೇ ನಂಬರಿನ ಬಾಗಿಲು ಬಡಿದು, "ರೇ, ಒಂಚೂರು ಬಂದು ಹೋಗ್ತೀಯೇನೋ?" ಎನ್ನುವುದಷ್ಟೇ ಕೆಲಸ. ರೇಮಂಡ್ ಹಾಲ್‌ರಾಯ್ಡ್ ತಟ್ಟೆ ಮುಂದೆ ಕೂತಿದ್ದರೂ ಎದ್ದುಬಿಡುತ್ತಿದ್ದ. ಹೆಂಡತಿ ಏವ್ರಿಲ್ "ಗ್ರೇವಿ ಆರಿಹೋಗುತ್ತೆ" ಎಂದು ಗೊಣಗುವಷ್ಟರಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಬೀದಿ ದಾಟಿರುತ್ತಿದ್ದ. ಡಬ್ಬಿಯಲ್ಲಿ ಒಂದು ಟಾರ್ಚು, ಎರಡು ಸ್ಕ್ರೂ ಡ್ರೈವರು, ರಟ್ಟಿನ ಚೂರಿಗೆ ಸುತ್ತಿದ ಫ್ಯೂಸ್ ತಂತಿ ಇರುತ್ತಿದ್ದವು.

ಕಸುಬಿನಿಂದ ಅವನೇನೂ ಎಲೆಕ್ಟ್ರಿಷಿಯನ್ ಅಲ್ಲ. ಹ್ಯಾಲಿಫ್ಯಾಕ್ಸ್ ಪಟ್ಟಣದ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಹರಿದ ಸೀಟುಗಳಿಗೆ ಬಟ್ಟೆ ಹೊಲಿದವನು. ಕರೆಂಟಿಗೂ ಅವನಿಗೂ ಇದ್ದ ನಂಟೆಂದರೆ, ಡಿಪೋದ ಎಲೆಕ್ಟ್ರಿಷಿಯನ್ ಪಕ್ಕದ ಬೆಂಚಿನಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ, ಅಷ್ಟೇ. ಆದರೆ ನಮ್ಮ ಕಡೆಯ ಜನಕ್ಕೆ ಮನೆಯೊಳಗೆ ಕೂಲಿ ಕೊಟ್ಟು ಆಳು ಕರೆಸುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ಕೈಯಲ್ಲಿ ಸ್ಕ್ರೂ ಡ್ರೈವರ್ ಹಿಡಿದವನೇ ನಮಗೆ ಇಂಜಿನಿಯರು. ಅದರಲ್ಲೂ ರೇಮಂಡ್ ಯಾರ ಹತ್ತಿರವೂ ಒಂದು ಪೆನ್ನಿ ಮುಟ್ಟಿದವನಲ್ಲ. ಒಂದು ಕಪ್ಪು ಚಹಾ, ಒಂದು ತುಂಡು ಶುಂಠಿ ಕೇಕು, ಕ್ರಿಸ್‌ಮಸ್ಸಿಗೆ ಬಾಗಿಲ ಬಳಿ ಒಂದು ಶೆರ್ರಿ ವೈನಿನ ಬಾಟಲಿ. "ಅಯ್ಯೋ, ಇದೆಲ್ಲ ಯಾಕೆ?" ಎನ್ನುತ್ತಲೇ ಬಾಟಲಿಯನ್ನು ಒಳಗೆ ಒಯ್ಯುತ್ತಿದ್ದ. ಏಳು ಮನೆಗಳಿಗೆ ತಾನಿಲ್ಲದೆ ದೀಪವಿಲ್ಲ ಎಂಬುದೇ ಅವನಿಗೆ ಪದಕ, ಪಿಂಚಣಿ ಎಲ್ಲ.

ಇಷ್ಟಕ್ಕೂ ಅವನು ಮಾಡುತ್ತಿದ್ದುದೇನು? ಫ್ಯೂಸಿಗೆ ಮೂರು ಬಗೆಯ ತಂತಿ. ದೀಪಗಳಿಗೆ ಸಣ್ಣದು, ನೀರು ಕಾಯಿಸುವುದಕ್ಕೆ ನಡುವಿನದು, ಕರೆಂಟಿನ ಒಲೆಗೆ ದಪ್ಪದ್ದು. ಸಣ್ಣ ತಂತಿ ಹಾಕಿದರೆ ಆರು ತಿಂಗಳಿಗೊಮ್ಮೆ ಸುಟ್ಟು ಹೋಗುತ್ತದೆ, ಮತ್ತೆ ಕರೆಯುತ್ತಾರೆ. ಪದೇ ಪದೇ ಕರೆದರೆ ಕೆಲಸ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಹಾಗಾಗಿ ಅವನು ಎಲ್ಲಕ್ಕೂ ದಪ್ಪ ತಂತಿಯನ್ನೇ ಸುತ್ತಿದ. "ತಗೊಳ್ಳಿ, ಇನ್ನು ಹತ್ತು ವರ್ಷ ನನ್ನ ನೆನೆಸ್ಕೋಬೇಕಾಗಿಲ್ಲ" ಎಂದು ಕೈ ಕೊಡವಿಕೊಂಡು ಬರುತ್ತಿದ್ದ. ಜನ "ಎಂಥಾ ಕೈಗುಣ!" ಎಂದರು. ಕೈಗುಣವಂತೆ, ಮಣ್ಣಂಗಟ್ಟಿ!

ಸ್ವಂತ ಮನೆಯಲ್ಲಂತೂ ಇನ್ನೂ ಘನಕಾರ್ಯ ಮಾಡಿದ್ದ. ಒಂದು ಕ್ರಿಸ್‌ಮಸ್ ಮಧ್ಯಾಹ್ನ, ಒಲೆಯಲ್ಲಿ ಟರ್ಕಿ ಕೋಳಿ ಅರ್ಧ ಬೆಂದಿರುವಾಗ ಫ್ಯೂಸ್ ಹೋಯಿತು. ತಂತಿ ಮುಗಿದಿತ್ತು, ಅಂಗಡಿಗಳೆಲ್ಲ ಮುಚ್ಚಿದ್ದವು, ಮನೆ ತುಂಬ ನೆಂಟರು. ರೇಮಂಡ್ ಒಂದು ಮೊಳೆಯನ್ನು ಕತ್ತರಿಸಿ ಸಿಕ್ಕಿಸಿದ. ಇವತ್ತೊಂದು ದಿನ ಕಳೆದರೆ ಸಾಕು ಎಂದುಕೊಂಡ. ಆ ಒಂದು ದಿನ ಇಪ್ಪತ್ತೆಂಟು ವರ್ಷ ನಡೆಯಿತು.

ಹೀಗಿರುವಾಗ ಏವ್ರಿಲ್‌ಗೆ ಸೊಂಟದ ಮೂಳೆಯ ಆಪರೇಷನ್ ಆಯಿತು. ಸ್ನಾನದ ತೊಟ್ಟಿಯ ಅಂಚು ದಾಟಲು ಆಗುವುದಿಲ್ಲ, ನಿಂತು ಸ್ನಾನ ಮಾಡುವ ಕರೆಂಟಿನ ಶವರ್ ಬೇಕು. ಶವರ್ ಹಾಕಲು ಬಂದವನು ನೆಲಮಾಳಿಗೆಯ ಮೆಟ್ಟಿಲ ಮೇಲಿದ್ದ ಮರದ ಹಲಗೆಯ ಫ್ಯೂಸ್ ಡಬ್ಬಿಯನ್ನು ದೂರದಿಂದ ನೋಡಿಯೇ ಚೀಲದ ಬಾಯಿ ಕಟ್ಟಿದ. "ಮೊದಲು ಆ ಡಬ್ಬಿ ಬದಲಾಯಿಸಿ. ಇದನ್ನ ನಂಬಿ ನಾನು ಒಂದು ತಂತಿ ಕೂಡ ಎಳೆಯಲ್ಲ."

"ಡಬ್ಬೀನ ನಾನೇ ಬದಲಾಯಿಸ್ತೀನಿ" ಎಂದ ರೇಮಂಡ್.

"ಹೌದು ಹೌದು, ಸ್ನಾನದ ಮನೇಲಿ ಒದ್ದೆ ಮೈಯಲ್ಲಿ ನಿಲ್ಲೋಳು ನಾನು ತಾನೆ?" ಎಂದಳು ಏವ್ರಿಲ್. "ಬಿಡೋ ಮಾರಾಯ. ಕಲಿತೋರನ್ನ ಕರೆಸು."

ಮೂವರಿಂದ ದರ ಕೇಳಿಯೇ ಒಬ್ಬರನ್ನು ಒಪ್ಪುವುದು ನಮ್ಮಲ್ಲಿಯ ಶಾಸ್ತ್ರ. ಮೊದಲನೆಯವನು ಫೋನಿನಲ್ಲೇ ಎಂಟುನೂರು ಪೌಂಡ್ ಎಂದ. ಎರಡನೆಯವನು ಮಂಗಳವಾರ ಬರುತ್ತೇನೆ ಎಂದ, ಯಾವ ಮಂಗಳವಾರ ಎಂದು ಹೇಳಲಿಲ್ಲ. ಮೂರನೆಯವಳು ಇವಾನ್ ಟಾರ್ಡಫ್ ಎಂಬ ಹೆಂಗಸು. ನಲವತ್ತರ ಆಸುಪಾಸು, ಮೊಣಕಾಲಿಗೆ ಪ್ಯಾಡು ಕಟ್ಟಿದ ಪ್ಯಾಂಟು, ಕಿವಿಯ ಹಿಂದೆ ಪೆನ್ಸಿಲ್ಲು. ಹೇಳಿದ ಹೊತ್ತಿಗೆ ಸರಿಯಾಗಿ ಬಂದು, ಬೂಟು ಕಳಚಿಟ್ಟು ಒಳಗೆ ಕಾಲಿಟ್ಟಳು. ಏವ್ರಿಲ್‌ಗೆ ಆಗಲೇ ಅವಳು ಹಿಡಿಸಿಬಿಟ್ಟಳು.

ಇವಾನ್ ಸುತ್ತಲೂ ನೋಡಿ ಐನೂರ ನಲವತ್ತು ಎಂದಳು.

"ಐನೂರ ನಲವತ್ತೇ!" ರೇಮಂಡನ ಹುಬ್ಬು ನೆತ್ತಿಗೇರಿತು. "ಅಂಗಡೀಲಿ ಆ ಡಬ್ಬಿ ನೂರು ಚಿಲ್ಲರೆಗೆ ಸಿಗುತ್ತಲ್ಲಮ್ಮ?"

"ಸಿಗುತ್ತೆ ಕಣ್ರೀ. ಡಬ್ಬಿಗೆ ನೂರು ಚಿಲ್ಲರೇನೇ. ಇನ್ನು ಒಂದು ಇಡೀ ದಿನದ ಕೂಲಿ. ಮನೇಲಿರೋ ಒಂದೊಂದು ತಂತೀನೂ ಪರೀಕ್ಷೆ ಮಾಡ್ಬೇಕು, ಅರ್ತಿಂಗ್ ಸರಿಪಡಿಸ್ಬೇಕು. ಆಮೇಲೆ ಎಲ್ಲ ಸರಿ ಇದೆ ಅಂತ ಬರೆದು ನಾನು ಸಹಿ ಹಾಕ್ಬೇಕು. ನಾಳೆ ಏನಾದ್ರೂ ಆದ್ರೆ ಆ ಸಹಿ ಹಿಡ್ಕೊಂಡು ನನ್ನ ಕೊರಳಿಗೆ ಬೀಳ್ತಾರೆ. ನೀವು ಕೊಡೋದು ಡಬ್ಬಿಗಲ್ಲ, ಆ ಸಹಿಗೆ."

ಹೀಗೆ ಹೇಳುತ್ತಲೇ ಮೇನ್ ಸ್ವಿಚ್ ಆರಿಸಿ, ಫ್ಯೂಸುಗಳನ್ನು ಒಂದೊಂದಾಗಿ ಎಳೆದು ನೋಡತೊಡಗಿದಳು. ದೀಪದ್ದರಲ್ಲಿ ದಪ್ಪ ತಂತಿ. ನೀರಿನದರಲ್ಲೂ ದಪ್ಪ ತಂತಿ. ಕೊನೆಯದನ್ನು ಎಳೆದವಳು ಟಾರ್ಚಿನ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

"ದೇವರೇ, ಇದು ಮೊಳೆ!"

ಅದನ್ನು ರೇಮಂಡ್ ಮರೆತೇಬಿಟ್ಟಿದ್ದ. ಮರೆತಿದ್ದ ಎಂದರೆ ಅದೂ ಪೂರ್ತಿ ನಿಜವಲ್ಲ. ನೆನಪಾದಾಗಲೆಲ್ಲ ನಾಳೆ ನೋಡೋಣ ಎಂದುಕೊಂಡಿದ್ದ.

"ಫ್ಯೂಸ್ ಇರೋದೇ ಸಾಯೋದಕ್ಕೆ" ಎಂದಳು ಇವಾನ್. ದನಿಯಲ್ಲಿ ಸಿಟ್ಟಿತ್ತು. "ಅದು ಸಾಯದಿದ್ರೆ ಗೋಡೆಯೊಳಗಿನ ತಂತಿ ಉರಿಯುತ್ತೆ, ಆಮೇಲೆ ಮನೆ. ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ? ಇಂಥೋರನ್ನ ಒಳಗೆ ಹಾಕ್ಬೇಕು."

ಈಗ ನಿಜ ಹೇಳಬಹುದಿತ್ತು. ಬಾಯಿ ತೆರೆದ. ಬಾಯಿಯಿಂದ ಹೊರಬಿದ್ದದ್ದು ಬೇರೆಯೇ.

"ನಮ್ಮ ಮಾವನೋರು. ಇದು ಅವರ ಮನೆ. ತೀರಿಕೊಂಡು ಹದಿನೈದು ವರ್ಷ ಆಯ್ತು."

ಹಿಂದೆ ಸಾಸರಿನ ಮೇಲೆ ಕಪ್ಪು ಕಟಕಟ ಎಂದಿತು. ಏವ್ರಿಲ್ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಇವಾನಳ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಅಪ್ಪ ಸಿರಿಲ್, ಮನೆಯ ಒಂದೊಂದು ಪ್ಲಗ್ಗಿಗೂ ಹಾಕಿದ ತಾರೀಖು ಬರೆದು ಚೀಟಿ ಅಂಟಿಸುತ್ತಿದ್ದ ಮನುಷ್ಯ. ಭಾನುವಾರ ತಪ್ಪದೆ ಚರ್ಚಿಗೆ ಹೋದವನು, ಪರರ ಒಂದು ಗುಂಡುಸೂಜಿಗೂ ಆಸೆಪಟ್ಟವನಲ್ಲ. ಏವ್ರಿಲ್ ಚಹಾ ಕೊಟ್ಟಳು, ಸಕ್ಕರೆ ಸಾಕಾ ಎಂದು ಕೇಳಿದಳು, ಗುರುವಾರ ಕೆಲಸಕ್ಕೆ ಬರುವುದೆಂದು ಗೊತ್ತುಮಾಡಿ ಇವಾನಳನ್ನು ನಗುನಗುತ್ತಲೇ ಕಳಿಸಿದಳು. ಬಾಗಿಲು ಹಾಕಿದ ಮೇಲೆ ಅವಳ ಮುಖದಲ್ಲಿ ಆ ನಗು ಇರಲಿಲ್ಲ.

"ಸತ್ತೋರು ಎದ್ದು ಬಂದು ಇಲ್ಲ ಅನ್ನಲ್ಲ ಅಂತ ತಾನೆ?" ಎಂದಳು.

"ಏವ್, ಬಾಯಿ ತಪ್ಪಿ..."

"ಬಾಯಿ ತಪ್ಪಿದ್ದಲ್ಲ ರೇ. ಹೆದರಿದ್ದು. ನಿನ್ನ ಮಾನ ಉಳಿಸ್ಕೊಳ್ಳೋಕೆ ನಮ್ಮಪ್ಪನ ಗೋರಿ ಹತ್ತಿ ನಿಂತೆ. ನಾಚಿಕೆ ಆಗ್ಲಿಲ್ವಾ ನಿಂಗೆ?"

ಆಗಿತ್ತು. ಕಿವಿಯ ತುದಿಯವರೆಗೂ ಆಗಿತ್ತು. ನೆಲ ಬಾಯಿಬಿಟ್ಟು ನುಂಗಿದರೆ ಸಾಕು ಎನ್ನಿಸುವಂಥ ನಾಚಿಕೆ. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಗಂಡಸರಿಗಿಲ್ಲ. ಅವನು ಹೋಗಿ ಹಿತ್ತಲಿನಲ್ಲಿ ಒಣಗಿದ ಟೊಮೇಟೊ ಗಿಡಗಳಿಗೆ ನೀರು ಹಾಕಿದ. ಮೂರು ದಿನ ಏವ್ರಿಲ್ ಅವನ ಜೊತೆ ಹವಾಮಾನದ ಬಗ್ಗೆ ಮಾತ್ರ ಮಾತಾಡಿದಳು.

ಗುರುವಾರ ಇವಾನ್ ಬಂದಳು. ಹಳೆಯ ಡಬ್ಬಿ ಗೋಡೆಯಿಂದ ಕಳಚಿತು. ಮನೆಯಲ್ಲಿ ಕರೆಂಟಿಲ್ಲ, ಕೆಟಲ್ ಇಲ್ಲ. ಏವ್ರಿಲ್ ಹಿತ್ತಲಿನಲ್ಲಿ ಟೆಂಟು ಹಾಕುವಾಗ ಬಳಸುವ ಪುಟ್ಟ ಗ್ಯಾಸ್ ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟಳು. ಕೆಲಸಕ್ಕೆ ಬಂದವರಿಗೆ ಚಹಾ ಕೊಡದೆ ಕಳಿಸಿದ ಮನೆಯೆಂದು ಹೆಸರು ಬಂದರೆ ಉಂಟೆ? ಆ ಕಪ್ಪನ್ನು ಅವಳೇ ಒಯ್ಯಲಿಲ್ಲ. ರೇಮಂಡನ ಕೈಗೆ ಕೊಟ್ಟು, ಒಳಗೆ ಹೋಗು ಎಂದು ಕಣ್ಣಲ್ಲೇ ಸನ್ನೆ ಮಾಡಿದಳು.

ರೇಮಂಡ್ ಮೆಟ್ಟಿಲ ಮೇಲೆ ನಿಂತು ಕೆಮ್ಮಿದ. "ಆ ಮೊಳೆ... ಅದು ಮಾವನೋರದ್ದಲ್ಲಮ್ಮ."

"ಹ್ಞಾಂ?"

"ನಾನೇ ಹಾಕಿದ್ದು. ದಪ್ಪ ತಂತೀನೂ ನಾನೇ. ಅವರು ಅಂಥೋರಲ್ಲ."

ಇವಾನ್ ಸ್ಕ್ರೂ ಬಿಗಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಇನ್ನೆಷ್ಟು ಮನೇಲಿ ಮಾಡಿದ್ದೀರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಅಂದಾಜಿನ ಮೇಲೆ ಕೇಳಿದ್ದಳು, ಅಷ್ಟೇ. ರೇಮಂಡನ ಮುಖವೇ ಉತ್ತರ ಹೇಳಿತು. "ಏಳು" ಎಂದ.

"ಈ ಬೀದೀಲೇನಾ?"

"ಹ್ಞೂಂ."

"ಹಾಗಾದ್ರೆ ಹೋಗಿ ಹೇಳಿ ಯಜಮಾನ್ರೇ. ಇವತ್ತೇ. ನಾನು ಹೇಳಿದ್ರೆ ವ್ಯಾಪಾರಕ್ಕೆ ಬಂದ್ಲು ಅಂತಾರೆ. ನೀವು ಹೇಳಿದ್ರೆ ನಂಬ್ತಾರೆ."

ನಂಬುತ್ತಾರೆ! ಅದೇ ಅಲ್ಲವೇ ಅವನ ಎದೆಗೆ ಚುಚ್ಚಿದ್ದು. ಇಪ್ಪತ್ತೆಂಟು ವರ್ಷ ಸಂಪಾದಿಸಿದ್ದು ಅದೊಂದೇ. ಈಗ ಅದನ್ನೇ ಬಾಗಿಲು ಬಾಗಿಲಿಗೆ ಹೋಗಿ ಚೆಲ್ಲಿಬರಬೇಕು. ಇಂದಿನ ತನಕ ರೇ ಇದ್ದಾನೆ ಬಿಡು ಎಂದವರು ನಾಳೆಯಿಂದ ಅವನನ್ನು ಕಂಡರೆ ಬೀದಿಯ ಆಚೆ ಬದಿಗೆ ದಾಟುತ್ತಾರೆ. ಹೇಳದಿದ್ದರೋ, ಯಾವುದಾದರೂ ಒಂದು ಚಳಿಗಾಲದಲ್ಲಿ ಯಾರದಾದರೂ ಗೋಡೆ ಹೊತ್ತಿಕೊಳ್ಳುತ್ತದೆ. ಅವನು ಕೋಟು ತೊಟ್ಟ. ಕೊಡೆ ತಗೋ ಎಂದಳು ಏವ್ರಿಲ್. ಆ ಮೂರು ದಿನಗಳಲ್ಲಿ ಅವಳು ಆಡಿದ ಮಾತುಗಳಲ್ಲೆಲ್ಲ ಅದೇ ಮೃದುವಾದ ಮಾತು.

ಮೊದಲು ಹೋದದ್ದು ಒಂಬತ್ತನೇ ನಂಬರಿಗೆ, ಟ್ರೆವರ್ ಬ್ಯಾರಕ್ಲಫ್‌ನ ಮನೆಗೆ. ಟ್ರೆವರ್ ಅವನ ಜೊತೆ ಶುಕ್ರವಾರ ಪಬ್ಬಿನಲ್ಲಿ ಡಾಮಿನೋ ಆಡುವ ಗೆಳೆಯ. ಸೋತಾಗ ತಮಾಷೆ ಮಾಡಬಲ್ಲವನ ಎದುರು ತಪ್ಪೊಪ್ಪಿಕೊಳ್ಳುವುದು ಸ್ವಲ್ಪ ಸುಲಭ ಎಂಬ ಲೆಕ್ಕಾಚಾರ. ಟ್ರೆವರ್ ಬನಿಯನ್ನಿನಲ್ಲೇ ಬಾಗಿಲು ತೆರೆದ. ರೇಮಂಡ್ ಕೂರಲಿಲ್ಲ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ: ತಂತಿ ತಪ್ಪು, ಅಪಾಯ, ಡಬ್ಬಿ ಬದಲಾಯಿಸಬೇಕು, ಖರ್ಚಿನಲ್ಲಿ ತನ್ನಿಂದಾದಷ್ಟು ಕೊಡುತ್ತೇನೆ.

ಟ್ರೆವರ್ ತಲೆ ಕೆರೆದುಕೊಂಡ. ಅಡುಗೆಮನೆ ಕಡೆ ನೋಡಿದ. ಅಲ್ಲಿಂದ ಅವನ ಹೆಂಡತಿ ಪಾಲಿನ್, "ಹೇಳ್ಬಿಡು ಟ್ರೆವ್, ಇನ್ನೇನು ಮುಚ್ಚಿಡೋದು" ಎಂದಳು.

"ಅದು... ನಾವು ಬದಲಾಯಿಸ್ಬಿಟ್ವಿ ಕಣೋ ರೇ."

"ಯಾವಾಗ?"

ಟ್ರೆವರ್ ಗೋಡೆಯ ಮೇಲೆ ನೇತುಹಾಕಿದ್ದ ಕೋಟುಗಳನ್ನು ಸರಿಸಿದ. ಹಿಂದೆ ಬೆಳ್ಳನೆಯ ಹೊಸ ಡಬ್ಬಿ, ಸಾಲಾಗಿ ಸ್ವಿಚ್ಚುಗಳು. ತಗ್ಗಿದ ದನಿಯಲ್ಲಿ, "ನಾಲ್ಕು ವರ್ಷದ ಹಿಂದೆ. ನೀವಿಬ್ರೂ ಸ್ಕಾರ್‌ಬರೋ ಕಡಲತೀರಕ್ಕೆ ಹೋಗಿದ್ರಲ್ಲ, ಆ ವಾರ" ಎಂದ.

"ಆ ವಾರವೇ ಯಾಕೆ?"

"ನೀನು ನೋಡ್ಬಾರ್ದಲ್ಲಪ್ಪ. ಬಟ್ಟೆ ಒಣಗಿಸೋ ಮೆಷಿನ್ನಿನ ಹಿಂದೆ ಗೋಡೆ ಕಪ್ಪಾಗಿತ್ತು. ಬಂದೋನು ಫ್ಯೂಸ್ ತೆಗೆದು ತೋರಿಸ್ದ. ನಮಗೆ ಎದೆ ಝಲ್ಲಂತು. ಪಕ್ಕದೋರಿಗೆ ಹೇಳಿದ್ವಿ, ಅವರು ಅವರ ಪಕ್ಕದೋರಿಗೆ. ಆರು ಮನೆಗೆ ಒಬ್ಬನೇ ಆಳು ಅಂತ ಅವನು ಒಂದಿಷ್ಟು ಕಡಿಮೇನೂ ಮಾಡ್ದ. ಆ ಗೋಡೆಗೆ ಹೂವಿನ ಕಾಗದ ಅಂಟಿಸಿದ್ವಿ. ಚೆನ್ನಾಗಿದೆ ಅಂತ ನೀನೇ ಹೊಗಳಿದ್ದೆ."

ರೇಮಂಡ್ ಗೋಡೆ ಹಿಡಿದುಕೊಂಡ. "ಆದ್ರೆ ಟ್ರೆವ್... ಆಮೇಲೂ ನೀವು ನನ್ನ ಕರೀತಿದ್ರಲ್ಲೋ?"

ಪಾಲಿನ್ ಕೈ ಒರೆಸಿಕೊಳ್ಳುತ್ತ ಬಂದಳು. ಅವಳದು ಕೆಟ್ಟ ಮನಸ್ಸಲ್ಲ. ಕೆಟ್ಟ ಮನಸ್ಸಿದ್ದಿದ್ದರೆ ಸುಳ್ಳು ಹೇಳಿ ಬಿಡುತ್ತಿದ್ದಳು.

"ಒಮ್ಮೆಗೇ ಎಲ್ಲರೂ ಕರೆಯೋದು ಬಿಟ್ರೆ ನಿನಗೆ ಅನುಮಾನ ಬರುತ್ತೆ ಅಂತ, ತಿಂಗಳಿಗೊಂದು ಮನೆ ಅಂತ ಸರದಿ ಮಾಡ್ಕೊಂಡ್ವಿ. ಬಲ್ಬು, ಕಾಲಿಂಗ್ ಬೆಲ್ಲಿನ ಬ್ಯಾಟರಿ, ಆ ಥರದ್ದು. ಅಪಾಯ ಇಲ್ಲದ್ದು."

ಫೆಬ್ರವರಿಯಲ್ಲಿ ಬೆಲ್ಲಿನ ಬ್ಯಾಟರಿ. ಮಾರ್ಚಿನಲ್ಲಿ ಮೆಟ್ಟಿಲಿನ ಬಲ್ಬು. ಏಪ್ರಿಲಿನಲ್ಲಿ ಐದನೇ ನಂಬರಿನವರ ಟೇಬಲ್ ಲ್ಯಾಂಪು. ಅದರ ಪ್ಲಗ್ಗನ್ನು ಸಿಕ್ಕಿಸಿಯೇ ಇರಲಿಲ್ಲ, ಇವನು ಸಿಕ್ಕಿಸಿ ಕೊಟ್ಟು, ಎರಡು ಕಪ್ಪು ಚಹಾ ಕುಡಿದು, ಇಂಥ ಚಿಕ್ಕ ಚಿಕ್ಕ ವಿಷಯವೇ ಜನಕ್ಕೆ ಗೊತ್ತಾಗುವುದಿಲ್ಲ ಎಂದು ಏವ್ರಿಲ್ ಮುಂದೆ ಬೀಗಿದ್ದ. ಮಗುವಿನ ಕೈಗೆ ಆಟದ ಸೌಟು ಕೊಟ್ಟು ಅಡುಗೆ ಮಾಡು ಎಂದು ಕೂರಿಸುತ್ತಾರಲ್ಲ, ನಾಲ್ಕು ವರ್ಷ ಇಡೀ ಬೀದಿ ಅವನನ್ನು ಹಾಗೆ ಕೂರಿಸಿತ್ತು. ಬೈಸಿಕೊಳ್ಳಲು ಸಿದ್ಧನಾಗಿ ಬಂದವನಿಗೆ ಈ ದಯೆಯನ್ನು ತಡೆಯಲಾಗಲಿಲ್ಲ.

"ಬೇಜಾರು ಮಾಡ್ಕೋಬೇಡ್ವೋ" ಎಂದ ಟ್ರೆವರ್. "ಶುಕ್ರವಾರ ಬರ್ತೀಯ ತಾನೆ?"

"ಬರ್ತೀನಿ" ಎಂದ ರೇಮಂಡ್, ಹೋಗುವ ಮನಸ್ಸಿಲ್ಲದೆ. ಹೊಸ್ತಿಲು ದಾಟಿದವನಿಗೆ ಲೆಕ್ಕ ಹೊಳೆಯಿತು. "ಆರು ಮನೆ ಅಂದ್ಯಲ್ಲ. ನಾನು ಮಾಡಿದ್ದು ಏಳು."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಿಸ್ ಮಿಜ್ಲಿ ಒಪ್ಪಲಿಲ್ಲ" ಎಂದಳು ಪಾಲಿನ್. "ನಾವೆಲ್ಲ ಹೋಗಿ ಹೇಳಿದ್ವಿ. ರೇಮಂಡ್ ಮಾಡಿದ ಕೆಲ್ಸದ ಮೇಲೆ ನಾನು ಇನ್ನೊಬ್ಬರ ಕೈ ಹಾಕಿಸಲ್ಲ ಅಂದ್ಬಿಟ್ರು. ಬಾಗಿಲನ್ನೇ ಹಾಕ್ಕೊಂಡ್ರು ನಮ್ಮ ಮೇಲೆ."

ಮಿಸ್ ಮಿಜ್ಲಿ ಇರುವುದು ಬೀದಿಯ ಕೊನೆಯ ಮನೆಯಲ್ಲಿ. ವಯಸ್ಸು ಎಂಬತ್ತಕ್ಕೆ ಒಂದು ಕಡಿಮೆ. ಮಿಠಾಯಿ ಕಾರ್ಖಾನೆಯಲ್ಲಿ ನಲವತ್ತು ವರ್ಷ ಟಾಫಿಗೆ ಕಾಗದ ಸುತ್ತಿದವರು, ಮದುವೆಯಾಗಲಿಲ್ಲ. ಬೀದಿಯವರೆಲ್ಲ ಅವರನ್ನು ಮಿಸ್ ಮಿಜ್ಲಿ ಎಂದೇ ಕರೆಯುವುದು. ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇಲ್ಲ. ಹಾಗೆಂದು ಅವರು ಗಟ್ಟಿ ದನಿಯಲ್ಲಿ ಮಾತಾಡಿದವರಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಅವರೇ ಕ್ಷಮೆ ಕೇಳುವಂಥ ಹೆಂಗಸು. ಬೀದಿಯಲ್ಲಿ ರೇಮಂಡನನ್ನು ಪೂರ್ತಿ ಹೆಸರಿನಿಂದ ಕರೆಯುವವರು ಅವರೊಬ್ಬರೇ.

ರೇಮಂಡ್ ಮನೆಗೆ ಹೋಗಿ ಚೆಕ್ ಪುಸ್ತಕ ತಂದ. ಐನೂರ ನಲವತ್ತು ಬರೆದು, ಸಹಿ ಮಾಡಿ, ಹರಿದು ಜೇಬಿನಲ್ಲಿಟ್ಟುಕೊಂಡ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಉಳಿದ ಆರು ಮನೆಗೆ ಕೊಡಲಿಕ್ಕಾಗುವುದಿಲ್ಲ, ಈ ಒಂದು ಮನೆಗಾದರೂ ತನ್ನ ಕೈಯಿಂದ ಆಗಲಿ, ಇಷ್ಟರಿಂದ ಮುಖ ಎತ್ತಿ ನಡೆಯುವ ಹಾಗಾಗಲಿ ಎಂದುಕೊಂಡ. ಒಬ್ಬರಾದರೂ ತನ್ನನ್ನು ನಂಬಿದ್ದರಲ್ಲ ಎಂಬ ಸಣ್ಣ ಸಮಾಧಾನವೂ ಒಳಗೊಳಗೇ ಇತ್ತು. ಸುಳ್ಳು ಹೇಳುವುದೇಕೆ? ಅಂಥ ಹೊತ್ತಿನಲ್ಲೂ ಇತ್ತು.

ಮಿಸ್ ಮಿಜ್ಲಿ ಬಾಗಿಲು ತೆರೆದರು. ಮಧ್ಯಾಹ್ನ ಮೂರು ಗಂಟೆಗೇ ಒಳಗೆ ಮಬ್ಬು. ಅವರು ಉಣ್ಣೆಯ ಅಂಗಿಯ ಮೇಲೆ ಇನ್ನೊಂದು ಉಣ್ಣೆಯ ಅಂಗಿ, ಅದರ ಮೇಲೆ ಶಾಲು ಹೊದ್ದಿದ್ದರು.

"ಬಾ ರೇಮಂಡ್. ಬಲ್ಬೇನೂ ಹೋಗಿಲ್ವಲ್ಲಪ್ಪ?"

"ನಾನೇ ಬಂದೆ, ಮಿಸ್ ಮಿಜ್ಲಿ."

ಅವರು ಗ್ಯಾಸ್ ಒಲೆಯ ಮೇಲೆ ಹಳೆಯ ಸಿಳ್ಳಿನ ಕೆಟಲ್ ಇಟ್ಟರು. ರೇಮಂಡ್ ಕುರ್ಚಿಯ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿದ. ಈ ಸಲ ಒಂದೇ ಉಸಿರಿನಲ್ಲಿ ಆಗಲಿಲ್ಲ. ಮೊಳೆಯ ಸುದ್ದಿ, ಮಾವನ ಮೇಲೆ ಹಾಕಿದ ಸುಳ್ಳು, ಟ್ರೆವರ್ ಮನೆಯ ಗೋಡೆ, ಸರದಿ, ಯಾವುದನ್ನೂ ಬಿಡಲಿಲ್ಲ. ಕೊನೆಗೆ, "ನಿಮ್ಮನೇಲೂ ಅದೇ ತಂತಿ. ನೀವು ನನ್ನ ನಂಬಬಾರ್ದಿತ್ತು" ಎಂದ.

ಮಿಸ್ ಮಿಜ್ಲಿ ಚಹಾ ಬಗ್ಗಿಸಿ ಕೊಟ್ಟರು.

"ನಂಬಿದ್ದೆ ಅಂತ ಯಾರು ಹೇಳಿದ್ರು?" ಎಂದರು.

ರೇಮಂಡ್ ತಲೆ ಎತ್ತಿದ.

"ಪಾಲಿನ್ ಮನೆ ಗೋಡೆ ನಾನೂ ನೋಡ್ದೆ. ಆವತ್ತಿಂದ ಮಲಗೋಕೆ ಮುಂಚೆ ಮೇನ್ ಆರಿಸ್ತೀನಿ. ಹೊರಗೆ ಹೋಗ್ವಾಗ್ಲೂ ಆರಿಸ್ತೀನಿ. ಹೀಟರ್ ಹಾಕೋದು ಬಿಟ್ಟೆ. ಹಾಸಿಗೆಗೆ ಬಿಸಿನೀರಿನ ಚೀಲ. ಫ್ರಿಜ್ ಆರಿರುತ್ತಲ್ಲ, ಹಾಲು ಕಿಟಕಿ ಹೊರಗಿಡ್ತೀನಿ."

ಹೋದ ಕ್ರಿಸ್‌ಮಸ್ಸಿನಲ್ಲಿ ಪಬ್ಬಿನಲ್ಲಿ ಎಲ್ಲರೂ ಕೂತಿದ್ದಾಗ, 'ಮಿಸ್ ಮಿಜ್ಲಿ ಎಂಟು ಗಂಟೆಗೇ ದೀಪ ಆರಿಸ್ತಾರೆ, ಉಳಿಸಿದ ದುಡ್ಡನ್ನೆಲ್ಲ ಹಾಸಿಗೆ ಕೆಳಗೆ ಇಟ್ಟಿರಬೇಕು' ಎಂದು ಜೋಕು ಹೊಡೆದವನು ಇವನೇ. ಎಲ್ಲರೂ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನೂ ಇವನೇ.

"ಮತ್ತೆ ಬದಲಾಯಿಸಬಾರ್ದಿತ್ತೇ? ಅವರೆಲ್ಲ ಬಂದು ಕೇಳಿದ್ರಂತಲ್ಲ?"

"ನಿನಗೆ ಗೊತ್ತಾಗದ ಹಾಗೆ, ನೀನು ಊರಲ್ಲಿಲ್ಲದಾಗ, ಕಳ್ಳರ ಹಾಗೆ? ನನಗದು ಹಿಡಿಸ್ಲಿಲ್ಲ."

"ಹಾಗಿದ್ರೆ ನನಗೇ ಹೇಳ್ಬಹುದಿತ್ತಲ್ಲ, ಮಿಸ್ ಮಿಜ್ಲಿ. ಒಂದು ಮಾತು ಬೈದು ಹೇಳ್ಬಹುದಿತ್ತಲ್ಲ!"

ಅವರು ಕಪ್ಪಿನ ಕಿವಿಯನ್ನು ಸವರಿದರು.

"ಹೇಗೆ ಬೈಯಲಿ? ನೀನು ಒಂದು ಪೆನ್ನಿ ತಗೊಳ್ಳಲಿಲ್ಲ. ಕೊಡ್ತೀನಿ ಅಂದಾಗಲೆಲ್ಲ ಬೇಡ ಅಂದೆ. ದುಡ್ಡು ಕೊಟ್ಟಿದ್ರೆ ನಿನ್ನ ಕರೆದು ನಿಲ್ಲಿಸಿ ಕೇಳ್ಬಹುದಿತ್ತು. ಬಿಟ್ಟಿ ಮಾಡಿಸ್ಕೊಂಡೋರಿಗೆ ಬಾಯಿ ಎಲ್ಲಿರುತ್ತೆ, ರೇಮಂಡ್? ಉಪಕಾರ ಅಂತ ಹೊರಿಸಿ ನಮ್ಮ ಬಾಯಿ ಕಟ್ಟಿಬಿಟ್ಟಿದ್ದೆ."

ರೇಮಂಡ್ ಕಪ್ಪನ್ನು ಮೇಜಿನ ಮೇಲಿಟ್ಟ. ಮೊಳೆ ಸಿಕ್ಕಾಗ ಆದ ನಾಚಿಕೆ ಒಂದು ಥರ, ಟ್ರೆವರ್ ಮನೆಯಲ್ಲಿ ಆದದ್ದು ಇನ್ನೊಂದು ಥರ. ಇದು ಅವೆರಡರ ಬುಡದಲ್ಲಿದ್ದದ್ದು. ತಂತಿ ತಪ್ಪಿತ್ತು ಎನ್ನುವುದು ಕೈತಪ್ಪು, ತಿಳಿಯದೆ ಆದದ್ದು ಎನ್ನಬಹುದು. ಆದರೆ ಆ ಬೇಡ ಬೇಡ ಎನ್ನುವ ಮಾತು, ಆ ಒಂದು ಕಪ್ಪು ಚಹಾ ಸಾಕು ಎನ್ನುವ ದೊಡ್ಡಸ್ತಿಕೆ, ಅದು ತಿಳಿದು ತಿಳಿದೇ ಮಾಡಿದ್ದು. ಅದು ಅವನಿಗೆ ಇಷ್ಟವಾಗಿತ್ತು. ಅವನು ಎದ್ದು ನಿಂತ.

"ಈಗ ಬೈಯಿರಿ" ಎಂದ.

"ಈಗಲೇ?"

"ಹ್ಞೂಂ. ದಯವಿಟ್ಟು."

ಮಿಸ್ ಮಿಜ್ಲಿ ಕಪ್ಪನ್ನು ಕೆಳಗಿಟ್ಟು ಶಾಲು ಸರಿಪಡಿಸಿಕೊಂಡರು. ಆಮೇಲೆ ಬೈದರು. ದನಿ ಏರಲಿಲ್ಲ, ಅದಕ್ಕೇ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿತು. "ನಾಲ್ಕು ಚಳಿಗಾಲ, ರೇಮಂಡ್. ನಾಲ್ಕು. ನನ್ನ ಬೆರಳು ನೋಡು. ರಾತ್ರಿ ನೀರು ಕುಡಿಯೋಕೆ ಎದ್ರೆ ಗೋಡೆ ತಡವಿ ತಡವಿ ಹೋಗ್ತೀನಿ. ಒಂದ್ಸಲ ಬಿದ್ದೆ, ಯಾರಿಗೂ ಹೇಳ್ಲಿಲ್ಲ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಯಾಕೆ ಅಂದೆ? ಗೊತ್ತಿಲ್ಲ ಅಂದಿದ್ರೆ ನಿನ್ನ ತಲೆ ಹೋಗ್ತಿತ್ತೇ? ನಿನ್ನ ಮೆರವಣಿಗೆಗೆ ನಮ್ಮ ಮನೆಗಳೇ ಬೇಕಿತ್ತೇ? ಮೂರ್ಖ. ಗರ್ವಿಷ್ಠ. ಮುದಿ ಮೂರ್ಖ."

ರೇಮಂಡ್ ಟೋಪಿಯನ್ನು ಎದೆಗೊತ್ತಿಕೊಂಡು ನಿಂತೇ ಇದ್ದ. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಜೇಬಿನಿಂದ ಚೆಕ್ಕು ತೆಗೆದು ಮೇಜಿನ ಮೇಲಿಟ್ಟ.

"ನಮ್ಮನೆಗೆ ಬಂದಿರೋ ಹೆಣ್ಣುಮಗಳು ಒಳ್ಳೇ ಕೆಲಸಗಾರ್ತಿ. ಸೋಮವಾರ ಬರಕ್ಕೆ ಹೇಳ್ತೀನಿ. ಪೂರ್ತಿ ಖರ್ಚು ಇದರಲ್ಲಿದೆ. ಇಷ್ಟಾದ್ರೂ ಮಾಡೋಕೆ ಬಿಡಿ."

ಮಿಸ್ ಮಿಜ್ಲಿ ಕನ್ನಡಕ ಹಾಕಿಕೊಂಡು ಚೆಕ್ಕನ್ನು ಓದಿದರು. ಅಂಕಿ ಓದಿದರು, ಅಕ್ಷರ ಓದಿದರು, ಸಹಿ ನೋಡಿದರು. ಮಡಿಸಿದರು. ಎದ್ದು ಬಂದು ಅವನ ಕೈಗೇ ಹಿಂದಕ್ಕೆ ಕೊಟ್ಟರು.

"ಬೇಡ. ನಾನೇ ಕೊಡ್ತೀನಿ."

"ಅಷ್ಟೊಂದು ದುಡ್ಡು, ಮಿಸ್ ಮಿಜ್ಲಿ..."

"ಇರ್ಲಿ. ಆ ಹುಡುಗಿ ತಪ್ಪು ಮಾಡಿದ್ರೆ ಅವಳನ್ನ ಬೈಯೋಕೆ ನಂಗೆ ಬಾಯಿ ಇರ್ಬೇಕು."

ರೇಮಂಡ್ ಚೆಕ್ಕನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದ.